ಪಕೀರಮ್ಮ ಏರದ ಗುಡ್ಡ

ಮೋಶಿ, ಟಾಂಜಾನಿಯಾ
6 ಜನವರಿ 2025

ಪ್ರೀತಿಯ ಪಕೀರಕ್ಕ,

ಬಂದು ತಲುಪಿ ನಾಲ್ಕು ದಿನವಾಯಿತು. ಆರೋಗ್ಯವಾಗಿದ್ದೇನೆ. ವಿಮಾನದಲ್ಲಿ ಕಟ್ಟಿದ ಕಿವಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಯಾರು ಮಾತಾಡಿದರೂ ಎರಡು ಸಲ ಕೇಳಬೇಕು. ಹೇಗೂ ಇವರ ಭಾಷೆ ಎರಡು ಸಲ ಕೇಳಿದರೂ ತಿಳಿಯುವುದಿಲ್ಲ, ನಷ್ಟವೇನಿಲ್ಲ.

ನೀನು ಮೊದಲು ಕೇಳುವುದು ಬಾಳೆಯ ವಿಷಯ ಎಂದು ಗೊತ್ತು. ಮನೆಗೊಂದು ತೋಟ, ತೋಟದ ತುಂಬ ಬಾಳೆ, ಅದರ ನೆರಳಿಗೆ ಕಾಫಿ ಗಿಡ. ದಿಂಡು ನಮ್ಮ ಆನೆಗೊಂದಿಯದಕ್ಕಿಂತ ದಪ್ಪ, ನಾರು ಸ್ವಲ್ಪ ಒರಟು. ಇಲ್ಲಿನ ಸಂಘದ ಹೆಂಗಸರು ಒಣಗಿದ ಪಟ್ಟೆಯನ್ನೇ ಹೆಣೆದು ಬುಟ್ಟಿ ಮಾಡುತ್ತಾರೆ. ನಾರು ತೆಗೆದು ಹುರಿ ಹೊಸೆಯುವುದು ಗೊತ್ತಿಲ್ಲ. ಅದನ್ನು ಕಲಿಸಲಿಕ್ಕೇ ಅಲ್ಲವೇ ನಮ್ಮ ಬಾಳೆನಾರಿನ ಘಟಕದಿಂದ ಒಬ್ಬರನ್ನು ಕರೆಸಿದ್ದು. ಮೊನ್ನೆ ಹೊಸೆದು ತೋರಿಸಿದೆ. ಹದಿನಾರು ಜನ ಸುತ್ತ ನಿಂತು ನೋಡಿದರು. ನನ್ನ ಹುರಿ ನಡುವೆ ಉಬ್ಬಿತು. ನಿನ್ನ ಕೈಯಾಗಿದ್ದರೆ ಉಬ್ಬುತ್ತಿರಲಿಲ್ಲ.

ಅದಿರಲಿ. ಇಲ್ಲೊಂದು ಗುಡ್ಡ ಇದೆ ಅಕ್ಕ, ಕಿಲಿಮಂಜಾರೋ. ಬೆಳಗ್ಗೆ ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ಕಾಣುತ್ತದೆ, ಎಂಟಕ್ಕೆಲ್ಲ ಮೋಡ ಮುಚ್ಚುತ್ತದೆ. ಕೆಳಗೆ ನಮ್ಮ ಗಂಗಾವತಿಯಂಥದೇ ಬಿಸಿಲು, ಅದರ ನೆತ್ತಿಯ ಮೇಲೆ ಮಾತ್ರ ಹಿಮ. ಹೆಸರಲ್ಲೇ ಮಂಜು ಇದೆಯಲ್ಲ ಎಂದು ನಾನೊಬ್ಬಳೇ ನಕ್ಕೆ. ಈ ಮಾತಿಗೆ ನಗಲು ಇಲ್ಲಿ ಯಾರೂ ಇಲ್ಲ.

ಫೆಬ್ರವರಿಯಲ್ಲಿ ಸಂಘದ ಗೆಳತಿಯರು ಆ ಗುಡ್ಡಕ್ಕೆ ಹೊರಟಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಮಾಮಾ ಎಲಿ ಜೊತೆಗಿರುವುದರಿಂದ ಭಯವಿಲ್ಲ. ನನ್ನ ಊಟ, ವಸತಿ ಎಲ್ಲ ಮಾಮಾ ಎಲಿಯ ಮನೆಯಲ್ಲೇ.

ದೇವೇಂದ್ರಪ್ಪ ಸರ್ ಫೋನಿಗೆ ಮಾಡಿದರೆ ಇಡೀ ಘಟಕ ಸುತ್ತ ನಿಂತಿರುತ್ತದೆ, ಮನಸ್ಸಿನ ಮಾತು ಆಡಲಾಗುವುದಿಲ್ಲ. ನಿನ್ನ ಗುಂಡಿ ಫೋನಿಗೆ ಫೋಟೊ ಬರುವುದಿಲ್ಲ. ಅಫ್ರೋಜನ ಝೆರಾಕ್ಸ್ ಅಂಗಡಿಗೆ ಕಳಿಸೋಣವೆಂದರೆ ಅತ್ತ ತಲೆ ಹಾಕುವುದಿಲ್ಲವೆಂದು ನೀನು ಆಣೆ ಮಾಡಿದ್ದೀ. ಹಾಗಾಗಿ ಅಂಚೆಯೇ ಗತಿ. ಬೇಗ ಬರೆ.

ನಿನ್ನ
ಸುರೇಖಾ


ಆನೆಗೊಂದಿ
27 ಜನವರಿ 2025

ಪ್ರೀತಿಯ ತಂಗಿ ಸುರೇಖಾಳಿಗೆ ಪಕೀರಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಸೌಖ್ಯ. ಏಳನೇ ಇಯತ್ತೆಯಲ್ಲಿ ಕಾಗದ ಬರೆಯಲು ಕಲಿಸಿದ ಹಾಗೆ ಬರೆಯುತ್ತಿದ್ದೇನೆ, ನಗಬೇಡ. ನಿನ್ನ ಕಾಗದ ಹತ್ತೊಂಬತ್ತು ದಿನಕ್ಕೆ ಬಂತು.

ಮೊದಲು ಒಂದು ಮಾತು. ಯಾವ ಮಾಮಾ? ಆ ದೇಶದಲ್ಲಿ ನಿನಗೆ ಯಾರ ಕಡೆಯ ಮಾಮಾ ಇದ್ದಾನೆ? ಅವನ ಮನೆಯಲ್ಲಿ ಯಾಕೆ ಇದ್ದೀ? ಗುಡ್ಡಕ್ಕೂ ಅವನೇ ಬರುತ್ತಾನೆಂದರೆ ಏನು ಅರ್ಥ? ನಿನ್ನ ಗಂಡ ಸಿದ್ದಲಿಂಗೇಶಪ್ಪನವರಿಗೆ ಗೊತ್ತಿದೆಯೇ? ನಾನು ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಕಾಗದವನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೇನೆ. ತಕ್ಷಣ ಬರೆ.

ಇನ್ನು ಗುಡ್ಡದ ವಿಷಯ. ನಮ್ಮ ಗುಡ್ಡಗಳ ಹಾಗೆ ಬಂಡೆಗಳದೋ, ಮಣ್ಣಿನದೋ? ಅಂಜನಾದ್ರಿಯ ಹಾಗೆ ಮೆಟ್ಟಿಲು ಇವೆಯೋ? ಮೇಲೆ ಯಾವ ದೇವರು? ಅಷ್ಟು ಬಿಸಿಲಿದ್ದರೂ ಹಿಮ ಕರಗಿ ಹರಿದು ಬರುವುದಿಲ್ಲವೇ? ಕೈಯಲ್ಲಿ ಹಿಡಿದರೆ ಐಸ್ ಗೋಲಾದ ಹಾಗೋ, ಹಿಂಜಿದ ಹತ್ತಿಯ ಹಾಗೋ? ಗುಡ್ಡಕ್ಕೆ ಹೋಗಿ ಬರಲು ಮೂರು ದಿನ ಬೇಕೆಂದು ಸರ್ ಫೋನಿನಲ್ಲಿ ಕೇಳಿ ಹೇಳಿದರು. ಯಾರನ್ನಾದರೂ ಹೊತ್ತುಕೊಂಡು ಹೋಗುತ್ತೀರೇನು?

ಏರುವಾಗ ಮಾತಾಡಬೇಡ, ನಿನಗೆ ಆ ಚಟ ಇದೆ. ಕಡಿದಾದಲ್ಲಿ ಪಾದ ಅಡ್ಡ ಇಡು. ಪುಟಾಣಿ ಬೆಲ್ಲ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊ. ನೀರನ್ನು ಗಟಗಟ ಕುಡಿಯಬೇಡ. ಸಾಣಾಪುರದಲ್ಲಿ ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬಂಡೆ ಏರಲು ಬರುವ ಬಿಳಿಯರಿಗೆ ನಾನು ಬರಿಗಾಲಿನಲ್ಲಿ ದಾರಿ ತೋರಿಸಿದವಳು, ನನ್ನ ಮಾತು ಕೇಳು.

ನಾನು ಬರಬೇಕಿತ್ತು ಎಂದು ಹಲುಬುವುದಿಲ್ಲ. ಸರ್ ಮೊದಲು ನನ್ನ ಹೆಸರು ಹೇಳಿದರು, ಪಾಸ್‌ಪೋರ್ಟ್ ಆಗಲಿಲ್ಲ, ನೀನು ಹೋದೆ. ಬೇರೆ ಯಾರೋ ಹೋಗುವುದಕ್ಕಿಂತ ನೀನು ಹೋದದ್ದು ಭಾಳ ಛಲೋ ಆಯಿತು. ಸಿಟ್ಟು ಇರುವುದು ಅಫ್ರೋಜನ ಮೇಲೆ. ಆಧಾರಿನಲ್ಲಿ ಪಕೀರಮ್ಮ ಎಂದು ಪಿ ಅಕ್ಷರ ಇದ್ದರೆ ಅರ್ಜಿಯಲ್ಲಿ ಫಕೀರಮ್ಮ ಎಂದು ಎಫ್ ಹೊಡೆದ. ಮಗಳಿಗೆ ಜ್ವರ ಎಂದು ನಾನು ಕಾಗದಪತ್ರ ನಿನ್ನ ಕೈಗೆ ಕೊಟ್ಟು ಮನೆಯಲ್ಲಿ ಉಳಿದೆ. ನಾನೇ ಹೋಗಿ ಎದುರು ಕುಳಿತಿದ್ದರೆ ಅವನಿಗೆ ಭಯ ಇರುತ್ತಿತ್ತು. ಮೊನ್ನೆ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಅಕ್ಕಾ, ಚಾ ಕುಡಿಯೂಣು ಬರ್ರಿ" ಅಂದ. "ನಿನ್ನ ಚಾದಾಗ ಎಷ್ಟು ಅಕ್ಷರ ತಪ್ಪಿರತಾವೋ ಏನೋ" ಅಂದು ಬಂದುಬಿಟ್ಟೆ.

ಎರಡನೇ ಬೆಳೆಯ ನಾಟಿ ನಡೆದಿದೆ. ಮನೆಯವರು ಗದ್ದೆಯಲ್ಲೇ ಇದ್ದಾರೆ.

ಇಂತು,
ಪಕೀರಮ್ಮ


ಮೋಶಿ
18 ಫೆಬ್ರವರಿ 2025

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದದ್ದು ಹದಿನೈದಕ್ಕೆ, ನಾನು ಗುಡ್ಡ ಇಳಿದದ್ದು ಹತ್ತಕ್ಕೆ. ಪುಟಾಣಿ ಬೆಲ್ಲದ ಬುದ್ಧಿವಾದ ಐದು ದಿನ ತಡವಾಯಿತು.

ಮಾಮಾ ಎಂದರೆ ಇಲ್ಲಿ ತಾಯಿ! ಎಲಿ ಎಂಬುವನ ತಾಯಿ, ಅದಕ್ಕೆ ಮಾಮಾ ಎಲಿ. ಐವತ್ತೆಂಟರ ಹೆಂಗಸು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಗುಡ್ಡ ಏರಿದಳು. ನಿನ್ನ ಕಾಗದ ಓದಿ ನಾನು ನಕ್ಕದ್ದಕ್ಕೆ ಅವಳು ನೀರು ತಂದುಕೊಟ್ಟಳು. ಡಬ್ಬಿಯಿಂದ ಕಾಗದ ಹೊರಗೆ ತೆಗೆ.

ನಾವು ಐದು ಜನ. ದಾರಿ ತೋರಿಸುವವನು ಎಲಿಯೇ, ಅವನ ಕೆಲಸವೇ ಅದು. ಹೊರಟ ಹತ್ತೇ ನಿಮಿಷಕ್ಕೆ ನನ್ನ ಮುಖ ನೋಡಿ "ಪೋಲೆ ಪೋಲೆ" ಅಂದ. ನನಗೆ ಸಿಟ್ಟು ಬಂತು. ತಾಯಿಯ ಎದುರಿಗೇ ಪರವೂರ ಹೆಂಗಸನ್ನು ಪೋಲಿ ಎನ್ನುವುದೆಂದರೇನು! ಕನ್ನಡದಲ್ಲೇ ಬೈದೆ. ಅವನು ಮತ್ತೂ ಮೃದುವಾಗಿ "ಪೋಲೆ ಪೋಲೆ" ಅಂದ. ಒಂದು ಗಂಟೆ ಅವನೊಡನೆ ಮುಖ ಗಂಟಿಕ್ಕಿಕೊಂಡೇ ನಡೆದೆ. ಆಮೇಲೆ ತಿಳಿಯಿತು, ಅದರ ಅರ್ಥ "ನಿಧಾನ, ನಿಧಾನ" ಎಂದು. ಈ ಗುಡ್ಡದಲ್ಲಿ ಬೇಗ ನಡೆದವರಿಗೆ ತಲೆ ಸಿಡಿಯುತ್ತದೆ, ವಾಂತಿ ಆಗುತ್ತದೆ. ಗಾಳಿ ಅಷ್ಟು ತೆಳ್ಳಗೆ.

ನಿನ್ನ ಪ್ರಶ್ನೆಗಳಿಗೆ ಉತ್ತರ. ಮೊದಲ ದಿನ ಪೂರ್ತಿ ಕಾಡು, ಕಾಲಡಿ ಕೆಂಪು ಮಣ್ಣು, ಬೇರು. ಕೋತಿಗಳು ಕಪ್ಪು ಬಿಳುಪು, ಬಾಲಕ್ಕೆ ಬಿಳಿ ಚವರಿ ಕಟ್ಟಿದ ಹಾಗಿರುತ್ತದೆ. ನಮ್ಮ ಅಂಜನಾದ್ರಿಯವುಗಳಂತೆ ಚೀಲಕ್ಕೆ ಕೈ ಹಾಕುವುದಿಲ್ಲ, ಭಾರೀ ಮರ್ಯಾದಸ್ಥರು. ಎರಡನೇ ದಿನ ಮರಗಳೆಲ್ಲ ಮುಗಿದು ಬರೀ ಕುರುಚಲು. ಅಲ್ಲೊಂದು ವಿಚಿತ್ರ ಗಿಡ ಇದೆ, ಎರಡಾಳು ಎತ್ತರ. ತನ್ನ ಒಣಗಿದ ಎಲೆಗಳನ್ನು ಉದುರಿಸುವುದೇ ಇಲ್ಲ, ಚಳಿಗೆ ಮೈಗೆ ಸುತ್ತಿಕೊಂಡಿರುತ್ತದೆ. ಮುಟ್ಟಿ ನೋಡಿದೆ, ನಮ್ಮ ಒಣ ಬಾಳೆಪಟ್ಟೆಯ ಹಾಗೇ ಸದ್ದು ಮಾಡಿತು. ಮೆಟ್ಟಿಲಿಲ್ಲ. ಮೇಲೆ ದೇವರೂ ಇಲ್ಲವಂತೆ, ಒಂದು ಮರದ ಹಲಗೆ ಇದೆಯಂತೆ.

ಹೌದು, "ಅಂತೆ". ನಾವು ತುದಿಗೆ ಹೋಗಲಿಲ್ಲ. ನಮ್ಮ ಚೀಟಿ ಇದ್ದದ್ದು ಎರಡನೇ ತಂಗುಮನೆಯವರೆಗೆ. ಎಲ್ಲರೂ ಅಲ್ಲಿಂದಲೇ ತಿರುಗಿದೆವು. ಮೋಡ ಕಾಲ ಕೆಳಗಿತ್ತು. ಹಿಮ ಅಲ್ಲಿಂದಲೂ ದೂರವೇ, ಮುಟ್ಟಲಿಲ್ಲ.

ಅಫ್ರೋಜನ ವಿಷಯ ಬಿಟ್ಟುಬಿಡು ಅಕ್ಕ. ಆಗಿದ್ದು ಆಯಿತು. ಚಾ ಕುಡಿ ಅಂದರೆ ಕುಡಿ.

ನಿನ್ನ
ಸುರೇಖಾ


ಆನೆಗೊಂದಿ
12 ಮಾರ್ಚ್ 2025

ತಂಗಿ ಸುರೇಖಾಳಿಗೆ,

ತುದಿ ಮುಟ್ಟದೆ ತಿರುಗಿ ಬಂದೆಯಾ? ಓದಿ ನನಗೆ ತಡೆಯಲಾಗಲಿಲ್ಲ. ಅಷ್ಟು ದೂರ ಹೋಗಿ, ಅಷ್ಟು ಏರಿ, ಚೀಟಿ ಇಲ್ಲ ಎಂದು ತಿರುಗುವುದೇ? ಗುಡ್ಡಕ್ಕೆ ಚೀಟಿ ಕೊಡುವವನು ಯಾರು? ನಾವಿಬ್ಬರೂ ಸೀತಾಫಲ ಹುಡುಕುತ್ತ ಯಾವ ಗುಡ್ಡವನ್ನು ಅರ್ಧಕ್ಕೆ ಬಿಟ್ಟಿದ್ದೇವೆ ಹೇಳು. ನಾನಾಗಿದ್ದರೆ ಮುಟ್ಟಿ ಬರುತ್ತಿದ್ದೆ. ಇದು ಜಂಬವಲ್ಲ, ನಿನಗೂ ಗೊತ್ತು.

ಬುಡದ ಗೇಟಿನಿಂದ ತುದಿಯವರೆಗೆ ಎಷ್ಟು ಎಂದು ಸರ್‌ಗೆ ಕೇಳಿದೆ. ಲೆಕ್ಕ ಹಾಕಿ, ಅಂಜನಾದ್ರಿಯ ಮೆಟ್ಟಿಲುಗಳನ್ನು ಸುಮಾರು ನಲವತ್ತು ಸಲ ಏರಿದಷ್ಟು ಎಂದರು. ಹೇಗಿರಬಹುದು ನೋಡೋಣ ಎಂದು ಹೋದ ಭಾನುವಾರ ಬೆಳಗ್ಗೆಯೇ ಶುರು ಮಾಡಿದೆ. ಒಂದು ಸಲ ಏರಿ ಇಳಿದೆ, ಎರಡನೇ ಸಲ ಏರಿ ಇಳಿದೆ. ಮೂರನೇ ಸಲಕ್ಕೆ ಕಾಯಿ ಮಾರುವ ಕನಕಪ್ಪ ತಡೆದು, "ಯವ್ವಾ, ಹರಕಿ ಐತೇನು?" ಅಂದ. "ಹ್ಞೂಂ, ಹರಕಿ" ಅಂದೆ. ಮತ್ತೇನು ಹೇಳಲಿ? ನಾಲ್ಕನೇ ಸಲ ಇಳಿಯುವಾಗ ಸಿಂಧನೂರು ಕಡೆಯ ಒಬ್ಬ ಮುದುಕಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾಚಿಕೆಯಿಂದ ಸತ್ತೆ. ಐದನೇ ಸಲ ಇಳಿದು ನೆರಳಿಗೆ ಕುಳಿತಾಗ ಅಳು ಬಂತು. ಕಾಲು ನೋವಿಗಲ್ಲ ಸುರೇಖಾ. ನನ್ನ ಕಾಲು ಇನ್ನೂ ಏರುತ್ತಿದ್ದವು.

ಹಲುಬುವುದಿಲ್ಲ ಎಂದು ಬರೆದಿದ್ದೆ. ಈಗ ಹಲುಬಿದೆ. ಬಿಡು.

ಅಫ್ರೋಜನನ್ನು ಬಿಡು ಎಂದು ನೀನು ಹೇಳುತ್ತೀ, ನಿನ್ನ ಮನಸ್ಸು ದೊಡ್ಡದು. ನನಗೆ ಆಗುವುದಿಲ್ಲ. ಘಟಕದ ಹೆಂಗಸರಿಗೆಲ್ಲ ಅವನ ಅಂಗಡಿಗೆ ಹೋಗಬೇಡಿ ಎಂದಿದ್ದೇನೆ. ಯಾರೂ ಹೋಗುತ್ತಿಲ್ಲ. ಘಟಕದ ಪಟ್ಟಿ, ಚೀಟಿ, ಫೋಟೊ ಕೆಲಸವನ್ನೆಲ್ಲ ಏಪ್ರಿಲ್ ಮುಗಿದ ಮೇಲೆ ಬೇರೆ ಅಂಗಡಿಗೆ ಕೊಡುತ್ತೇವೆ ಎಂದು ಸರ್ ಕೂಡ ಹೇಳಿದ್ದಾರೆ. ಒಂದು ಅಕ್ಷರ ನೋಡಿ ಹೊಡೆಯದವನಿಗೆ ಇಷ್ಟಾದರೂ ಬುದ್ಧಿ ಬರಲಿ.

ಒಣ ಎಲೆ ಹೊದ್ದುಕೊಳ್ಳುವ ಗಿಡದ ಬಗ್ಗೆ ಇನ್ನಷ್ಟು ಬರೆ. ಆ ಎಲೆಯಲ್ಲಿ ನಾರು ಬರುತ್ತದೆಯೇ? ಎಳೆದು ನೋಡಿದೆಯಾ?

ಪಕೀರಮ್ಮ


ಮೋಶಿ
2 ಏಪ್ರಿಲ್ 2025

ಅಕ್ಕ,

ನಿನ್ನ ಕಾಗದ ಮೊನ್ನೆ ಬಂತು. ಎರಡು ದಿನದಲ್ಲಿ ನಾಲ್ಕು ಹಾಳೆ ಹರಿದೆ. ಇದು ಐದನೆಯದು, ಇದನ್ನು ಓದಿ ನೋಡದೆ ಅಂಚೆಗೆ ಹಾಕುತ್ತೇನೆ.

ಎಫ್ ಹಾಕಿದ್ದು ಅಫ್ರೋಜ ಅಲ್ಲ. ನಾನು.

ಅವನು ಆಧಾರ್ ನೋಡಿಯೇ ಕೇಳಿದ, "ಮೇಡಂ, ಇದರಾಗ ಪಿ ಐತಲ್ರಿ, ಹಂಗ ಹೊಡೀಲೇನು?" ಅಂತ. ನಾನು ಪಿಯುಸಿ ಓದಿದವಳಲ್ಲವೇ, ಪಕೀರಮ್ಮ ಎಂಬುದು ಹಳ್ಳಿಯವರ ಬಾಯಿಮಾತು, ಶುದ್ಧವಾಗಿ ಬರೆದರೆ ಫಕೀರಮ್ಮ ಎಂದು ನನ್ನ ತಿಳಿವಳಿಕೆ. ಪಾಸ್‌ಪೋರ್ಟಿನಲ್ಲಾದರೂ ನಿನ್ನ ಹೆಸರು ಶುದ್ಧವಾಗಿರಲಿ ಎಂದುಕೊಂಡೆ. "ಎಫ್ ಹಾಕು" ಅಂದೆ. ಇಲ್ಲಿಯವರೆಗೆ ಅದು ತಪ್ಪು, ದಡ್ಡತನ. ದೇವರಾಣೆ ಕೆಟ್ಟ ಬುದ್ಧಿ ಇರಲಿಲ್ಲ.

ಕೆಟ್ಟದ್ದು ಆಮೇಲೆ ಬಂತು. ಹೆಸರು ತಾಳೆಯಾಗುವುದಿಲ್ಲ ಎಂದು ಅರ್ಜಿ ನಿಂತಿತಲ್ಲ, ತಿದ್ದಿಕೊಡಲು ಹತ್ತು ದಿನ ಸಮಯವಿತ್ತು. ಆ ಸಂದೇಶ ಬಂದದ್ದು ನನ್ನ ಫೋನಿಗೆ, ಯಾಕೆಂದರೆ ಅರ್ಜಿಯಲ್ಲಿ ನನ್ನ ನಂಬರು ಕೊಟ್ಟಿದ್ದೆ. ನಿನಗೆ ಹೇಳಲು ಎರಡನೇ ದಿನ ನಿಮ್ಮ ಮನೆಯ ಬಾಗಿಲವರೆಗೂ ಬಂದಿದ್ದೆ. ನೀನು ರೊಟ್ಟಿ ತಟ್ಟುತ್ತಿದ್ದೆ. "ಬಾ, ಬಿಸಿ ರೊಟ್ಟಿ ತಿನ್ನು" ಅಂದೆ. ತಿಂದೆ, ಎದ್ದು ಬಂದೆ. ಅಷ್ಟರೊಳಗೆ ಸರ್ ನನ್ನನ್ನು ಕರೆದು, "ಪಕೀರಮ್ಮಂದು ಆಗಲಿಲ್ಲ ಅಂದ್ರ ನೀ ಹೊಂಟೀಯೇನವ್ವಾ?" ಎಂದು ಕೇಳಿದ್ದರು. ನನ್ನ ಪಾಸ್‌ಪೋರ್ಟ್ ಮೊದಲೇ ಇತ್ತು. ಹ್ಞೂಂ ಅಂದಿದ್ದೆ. ಹತ್ತು ದಿನವೂ ನಾಳೆ ಹೇಳಿದರಾಯಿತು ಎಂದುಕೊಂಡೆ. ಅಕ್ಷರ ತಪ್ಪಿದ್ದು ಬಾಯಿಂದ, ಸುಮ್ಮನಿದ್ದದ್ದು ಮನಸ್ಸಿನಿಂದ. ಹೋಗಬೇಕೆಂದು ಆಸೆಯಾಗಿತ್ತು ಅಕ್ಕ. ನಿನಗಿದ್ದಷ್ಟೇ ಆಸೆ.

ಇನ್ನೊಂದು ಸುಳ್ಳನ್ನೂ ಮುಗಿಸಿಬಿಡುತ್ತೇನೆ. ಎರಡನೇ ತಂಗುಮನೆಯಿಂದ ಎಲ್ಲರೂ ತಿರುಗಲಿಲ್ಲ. ಅಲ್ಲಿಂದ ಒಂದೂವರೆ ಗಂಟೆ ಮೇಲೆ ಕಪ್ಪು ಬಿಳಿ ಪಟ್ಟೆಪಟ್ಟೆಯ ದೊಡ್ಡ ಬಂಡೆಯೊಂದಿದೆ. ಅಲ್ಲಿಯವರೆಗೆ ಹೋಗಲು ಅಡ್ಡಿಯಿರಲಿಲ್ಲ. ಉಳಿದ ನಾಲ್ವರೂ ಹೋದರು, ಅವರಲ್ಲಿ ಮಾಮಾ ಎಲಿಯೂ ಒಬ್ಬಳು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ತಲೆನೋವು ಅಂದೆ, ನಿಜಕ್ಕೂ ತಲೆ ನೋಯುತ್ತಿತ್ತು. ಆದರೆ ಏರುವಷ್ಟು ಶಕ್ತಿ ಇತ್ತು. ಬಂಡೆ ಎಂದ ಕೂಡಲೇ ನೀನು ಸೆರಗು ಸಿಕ್ಕಿಸಿಕೊಂಡು ಓಡುವುದು ಕಣ್ಣಿಗೆ ಬಂತು, ಆಮೇಲೆ ಕಾಲು ಏಳಲಿಲ್ಲ.

ಸರ್‌ಗೂ ಬರೆದಿದ್ದೇನೆ. ಆ ಕಾಗದವೂ ಇದರ ಜೊತೆಗೇ ಬರುತ್ತದೆ. ಅಫ್ರೋಜನಿಗೆ ನಾನೇ ಫೋನ್ ಮಾಡಿ ತಪ್ಪಾಯಿತೆಂದು ಹೇಳಬಹುದಿತ್ತು, ಆದರೆ ನಿನಗಿಂತ ಮೊದಲು ಬೇರೆಯವರ ಮುಂದೆ ಬಾಯಿ ಬಿಡುವುದು ಸರಿಯೆನಿಸಲಿಲ್ಲ. ನಿನಗೆ ಈ ಕಾಗದ ಮುಟ್ಟಿದ ಮೇಲೆ ಅವನಿಗೆ ಮಾಡುತ್ತೇನೆ.

ಬೈದು ಬರೆ. ಏನಾದರೂ ಬರೆ.

ಸುರೇಖಾ


ಮೋಶಿ
29 ಏಪ್ರಿಲ್ 2025

ಅಕ್ಕ,

ಕಾಗದ ಮುಟ್ಟಿರಬೇಕು. ಸರ್ ಫೋನಿನಲ್ಲಿ ಮಾತಾಡಿದರು. "ಬಂದೈತವ್ವಾ" ಎಂದಷ್ಟೇ ಅಂದರು. ಹಿಂದೆ ನಿನ್ನ ದನಿಗಾಗಿ ಕಿವಿಗೊಟ್ಟೆ. ಎಲ್ಲರ ದನಿಯೂ ಕೇಳಿತು, ನಿನ್ನದೊಂದು ಬಿಟ್ಟು. ಅಫ್ರೋಜನಿಗೂ ಮಾಡಿದೆ. "ಇರಲಿ ಬಿಡ್ರಿ ಮೇಡಂ" ಅಂದ. ಅದು ಬೈದದ್ದಕ್ಕಿಂತ ಹೆಚ್ಚಾಯಿತು.

ಇಲ್ಲಿ ಮಳೆ ಹಿಡಿದಿದೆ, ಗುಡ್ಡ ಕಾಣದೆ ಎಷ್ಟೋ ದಿನವಾಯಿತು. ಸಂಘದವರಿಗೆ ಹುರಿ ಹೊಸೆಯುವುದು ಬಂತು. ಯಾರು ಕಲಿಸಿದ್ದು ಎಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳುತ್ತಾರೆ. ನನಗೆ ಕಲಿಸಿದವಳ ಹೆಸರನ್ನು ಅವರಿಗೆ ಹೇಳಿಕೊಟ್ಟಿದ್ದೇನೆ. ಕೂಸಿಗೆ ಕಲಿಸಿದ ಹಾಗೆ ಪ-ಕೀ-ರ-ಮ್ಮ ಎನ್ನುತ್ತಾರೆ.

ಮೇ ಮೂವತ್ತೊಂದಕ್ಕೆ ಹೊರಡುತ್ತೇನೆ. ನಿನ್ನ ಬಾಗಿಲಿಗೆ ಬರಲೋ ಬೇಡವೋ, ಅಷ್ಟನ್ನಾದರೂ ಒಂದು ಸಾಲು ಬರೆ.

ಸುರೇಖಾ


ಆನೆಗೊಂದಿ
4 ಮೇ 2025

ಸುರೇಖಾ,

ಇದನ್ನ ಸಾಲಿ ಕನ್ನಡದಾಗ ಬರಿಯಾಕ ಆಗಂಗಿಲ್ಲ. ಸಿಟ್ಟು ಬಂದಾಗ ನನಗ ಆ ಭಾಷಾ ನೆನಪಾಗಂಗಿಲ್ಲ. ಬಾಯಿಗೆ ಬಂದಂಗ ಬರೀತೀನಿ, ತಿದ್ದಾಕ ಹೋಗಬ್ಯಾಡ. ನೀ ತಿದ್ದಿದ್ದು ಸಾಕು.

ನಿನ್ನ ಕಾಗದಾ ಇಪ್ಪತ್ತೆರಡಕ್ಕ ಬಂತು. ಓದಿದ್ನಿ. ರೊಟ್ಟಿ ತಿಂದು ಹೋದಿ ಅಂತ ಬರದೀಯಲ್ಲ, ಆ ದಿನಾ ನನಗ ನೆನಪೈತಿ. ಎರಡು ತಿಂದಿ, ಮೂರನೇದು ಬ್ಯಾಡಂದಿ. ಯಾಕೋ ಮಾರಿ ಸಣ್ಣದಾಗೈತಿ ಹುಡುಗಿದು ಅಂತ ನಾ ಮರುಗಿದ್ನಿ. ಅದಕ್ಕ ಭಾಳ ಸಿಟ್ಟು ಬಂದೈತಿ ನನಗ. ಅಕ್ಷರಕ್ಕಲ್ಲ. ನನ್ನ ಹೆಸರು ನನ್ನವ್ವ ಕರದಂಗ ಛಲೋ ಐತಿ, ಅದು ಶುದ್ಧ ಇಲ್ಲಂತ ಅಂದ್ಕೊಂಡಿಯಲ್ಲ, ಅದಕ್ಕೂ ಬಂದೈತಿ ಅನ್ನು. ಆದ್ರ ಅದು ಸಣ್ಣದು.

ಮರುದಿನಾನ ಅಫ್ರೋಜನ ಅಂಗಡಿಗೆ ಹೋದ್ನಿ. ಮೂರ್ನಾಲ್ಕು ಮಂದಿ ನಿಂತಿದ್ರು. ಅವರ ಮುಂದನ ಮಾಫಿ ಕೇಳಬೇಕಂತ ಕೇಳಿದ್ನಿ, "ತಪ್ಪಾತೋ ಅಪ್ಪಾ, ನಿಂದಲ್ಲದ ತಪ್ಪಿಗೆ ನಿನಗ ಬೈದ್ನಿ." ಅಂವ ಕುರ್ಚಿ ಬಿಟ್ಟು ಎದ್ದ. "ನನಗ ಗೊತ್ತಿತ್ತಲ್ರಿ ಅಕ್ಕಾ" ಅಂದ. "ಮತ್ತ ಯಾಕ ಹೇಳಲಿಲ್ಲೋ ಇಷ್ಟು ದಿನಾ?" ಅಂದ್ನಿ. "ನೀವಿಬ್ಬರೂ ಕೂಡಿ ಗುಡ್ಡ ಏರೋರು. ನಾ ಹೇಳಿದ್ರ ಕೂಡಿ ಏರತಿದ್ರೇನ್ರಿ?" ಅಂದ. ಚಾ ತರಸಿದ, ಕುಡದ್ನಿ. ಘಟಕದ ಕೆಲಸಾ ಅವನ ಹತ್ರನ ಉಳದೈತಿ. ಪಾಸ್‌ಪೋರ್ಟಿಗೆ ಮತ್ತೊಂದು ಅರ್ಜಿ ಹಾಕ್ಸೀನಿ, ಎದುರಿಗೆ ಕುಂತು. ಎಲ್ಲಿಗೆ ಹೋಗಾಕ ಅಂತ ಕೇಳಬ್ಯಾಡ. ಇನ್ನೂ ಗೊತ್ತಿಲ್ಲ.

ತಿರುಗಿ ಬಂದ ಮ್ಯಾಲ ನನ್ನ ಬಾಗಿಲಿಗೆ ಬರಲೋ ಬ್ಯಾಡೋ ಅಂತ ನೀ ವಿಚಾರ ಮಾಡ್ತಿರಬೇಕು. ಬಾ. ಬಂದ್ರ ಬೈತೀನಿ. ಓಣಿ ಮಂದಿಗೆಲ್ಲ ಕೇಳೂವಂಗ ಬೈತೀನಿ, ನಿಂತು ಕೇಳಬೇಕು. ಆ ಪಟ್ಟಿಪಟ್ಟಿ ಬಂಡಿಗಲ್ಲಿನ ಕಥಿ ಓದಿ ಇನ್ನೂ ಉರಿ ಹತ್ತಿತು. ನನ್ನ ಜಾಗಾದಾಗ ಹೋಗಿ, ಕಾಲು ಇದ್ದು, ಕುಂತು ಬಂದ್ಯಾ! ಏರಿ ಬಂದಿದ್ರ ಒಂದು ನಮೂನಿ ತಡಕೊಂತಿದ್ನಿ.

ಹನ್ನೆರಡು ದಿನದಿಂದ ಕೈಯಾಗ ಕೆಲಸಾ ಹಿಡದ್ರೂ ತಲಿಯಾಗ ಒಂದ ವಿಚಾರ ಸುರೇಖಾ. ನಾ ಹೋಗಿದ್ರ ಏನು ನೋಡತಿದ್ನಿ, ತುದಿ ಮುಟ್ಟಿ ಏನು ಬರೀತಿದ್ನಿ ಅಂತ. ಕಡೀಕ ನಿನ್ನೆ ಕುಂತು ಆ ಕಾಗದಾ ಬರದಬಿಟ್ನಿ. ಇದು ಅದು:

"ಗುಡ್ಡದ ತುದಿ. ತಾರೀಖು ಗೊತ್ತಿಲ್ಲ. ಪ್ರೀತಿಯ ತಂಗಿ ಸುರೇಖಾಳಿಗೆ, ತುದಿ ಮುಟ್ಟಿದೆ. ಹಿಮವನ್ನು ಕೈಯಲ್ಲಿ ಹಿಡಿದೆ. ಅದು ............ ಹಾಗಿದೆ. ಇಲ್ಲಿಂದ ಕೆಳಗೆ ನೋಡಿದರೆ ............ ಕಾಣುತ್ತದೆ. ಗಾಳಿಯ ವಾಸನೆ ............. ಬೇರೆ ಎಲ್ಲ ಸುಖವಾಗಿದೆ. ನಿನ್ನನ್ನು ಬಿಟ್ಟು ಬರಬಾರದಿತ್ತು."

ಖಾಲಿ ಬಿಟ್ಟದ್ದನ್ನ ತುಂಬಾಕ ನನಗ ಬರಂಗಿಲ್ಲ, ನಿನಗೂ ಬರಂಗಿಲ್ಲ. ಕಡೀ ಸಾಲು ಮಾತ್ರ ವಿಚಾರ ಮಾಡದ ಬಂತು. ಅದನ್ನ ಹೊಡದು ಹಾಕಬೇಕಂತ ಎರಡು ಸಲ ಪೆನ್ನು ಹಿಡದ್ನಿ. ಕೈ ಬರಲಿಲ್ಲ. ಅದಕ್ಕ ನನ್ನ ಸಿಟ್ಟು ಇನ್ನೂ ಇಳದಿಲ್ಲ.

ಪಕೀರಮ್ಮ